ಕೆಳಕ್ಕೆ ಬೀಸು, ಮೇಲಕ್ಕೆ ಬೀಸು

ಹತ್ತು ವರ್ಷದಲ್ಲಿ ಎಮೆಟ್ ಸಾಬೊ ಬೇಸ್‌ಬಾಲ್ ಬ್ಯಾಟ್ ಬೀಸುವ ರೀತಿಯನ್ನು ಏಳು ಮಂದಿ ರಿಪೇರಿ ಮಾಡಿದ್ದರು. ಒಬ್ಬ ಮೊಣಕೈ ಎತ್ತಿಸಿದ, ಇನ್ನೊಬ್ಬ ಇಳಿಸಿದ. ಒಬ್ಬ ಹಿಂಗಾಲನ್ನು ಜಿರಲೆ ಹೊಸಕಿದ ಹಾಗೆ ತಿರುಗಿಸು ಎಂದ. ಅವನ ಜಾಗಕ್ಕೆ ಬಂದವನು ಅದೇ ಕಾಲು ನೆಲ ಬಿಟ್ಟು ಏಳಲಿ ಎಂದ. ಹೇಳಿದವರು ಹೇಳಿ ಬೇರೆ ತಂಡಗಳಿಗೆ ಹೋದರು. ಸೊಂಟನೋವು ಎಮೆಟ್‌ನ ಪಾಲಿಗೆ ಉಳಿಯಿತು.

ಈಗ ಅವನಿಗೆ ಇಪ್ಪತ್ತೆಂಟು. ದೊಡ್ಡ ಲೀಗಿನ ಮೈದಾನದಲ್ಲಿ ಇವತ್ತಿನವರೆಗೆ ಒಂದೇ ಒಂದು ಚೆಂಡು ಎದುರಿಸಿದವನಲ್ಲ. ಅರಿಝೋನಾದ ಈ ಆಯ್ಕೆ ಕ್ಯಾಂಪು ಮುಗಿಯಲು ಒಂದು ವಾರ ಬಾಕಿಯಿತ್ತು. ಎಮೆಟ್‌ನ ಹಾಗೆ ಮೈದಾನದ ಹಿಂಭಾಗದಲ್ಲಿ ಆಡುವವರಲ್ಲಿ ಇನ್ನೂ ಒಬ್ಬನನ್ನು ಮನೆಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಈ ವಯಸ್ಸಿನಲ್ಲಿ ಹೊರಬಿದ್ದವನನ್ನು ಇನ್ಯಾವ ತಂಡವೂ ಕರೆಯುವುದಿಲ್ಲ ಎಂಬುದು ಎಮೆಟ್‌ಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕಳಿಸುವುದಕ್ಕೂ ಒಂದು ಪದ್ಧತಿಯಿದೆ. ಬೆಳಿಗ್ಗೆ ಆರೂವರೆಗೆ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಒಬ್ಬ ಪಟ್ಟಿ ಹಿಡಿದು ನಿಂತಿರುತ್ತಾನೆ. ಒಳಗೆ ಬರುವವನ ಭುಜ ಮುಟ್ಟಿ, ತಂಡದ ಮುಖ್ಯಸ್ಥ ಟೀಗ್ ಕರೆಯುತ್ತಿದ್ದಾರೆ ಅಂದನೆಂದರೆ ಕಥೆ ಮುಗಿಯಿತು. ಒಳಗಿರುವ ಸ್ನೇಹಿತರೆಲ್ಲ ಆ ಕ್ಷಣಕ್ಕೆ ಬಗ್ಗಿ ಶೂ ಲೇಸು ಕಟ್ಟತೊಡಗುತ್ತಾರೆ. ಎಲ್ಲರ ಲೇಸೂ ಆಗಲೇ ಬಿಚ್ಚಿಕೊಳ್ಳುತ್ತದೆ.

ಕ್ಯಾಂಪಿನಲ್ಲಿ ಬ್ಯಾಟಿಂಗ್ ಕಲಿಸುವವರು ಇಬ್ಬರು. ಹಾರ್ಲನ್ ಪ್ರೂಯಿಟ್‌ಗೆ ಅರವತ್ತಾರು, ದವಡೆಯಲ್ಲಿ ಸದಾ ಸೂರ್ಯಕಾಂತಿ ಬೀಜ. ಭಾರ ಮುಂದಕ್ಕೆ ಹಾಕು, ಕೈಗಳನ್ನು ಕೊಡಲಿ ಇಳಿಸಿದ ಹಾಗೆ ಕೆಳಕ್ಕೆ ತಾ, ಚೆಂಡಿನ ನೆತ್ತಿಗೆ ಬಾರಿಸು, ಅದು ನೆಲಕ್ಕೆ ಬಿದ್ದು ಓಡಲಿ ಎನ್ನುವುದು ಅವನ ಮತ. ಕೋರಿ ಲಿಂಡ್‌ಗೆ ಇಪ್ಪತ್ತಾರು, ಕೈಯಲ್ಲಿ ಸದಾ ಟ್ಯಾಬ್. ಪಿಚರ್ ದಿಬ್ಬದ ಮೇಲಿಂದ ಎಸೆಯುವ ಚೆಂಡು ಇಳಿಯುತ್ತಾ ಬರುತ್ತದೆ, ಹಾಗಾಗಿ ಭಾರ ಹಿಂದೆಯೇ ಇಟ್ಟು ಬುಗುರಿಯ ಹಾಗೆ ಸೊಂಟ ತಿರುಗಿಸಿ ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ತರಬೇಕು, ಚೆಂಡು ಹಾರಬೇಕು ಎನ್ನುವುದು ಅವನ ಮತ. ಇಬ್ಬರೂ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಕೂಡ ಹೇಳುತ್ತಿರಲಿಲ್ಲ. ಅವರ ಜಗಳವೆಲ್ಲ ನಡೆಯುತ್ತಿದ್ದುದು ಆಟಗಾರರ ಮೈಯಲ್ಲಿ. ಎಮೆಟ್ ಲಿಂಡ್‌ನ ಮುಂದೆ ಮೇಲಕ್ಕೆ, ಪ್ರೂಯಿಟ್‌ನ ಮುಂದೆ ಕೆಳಕ್ಕೆ ಬೀಸುತ್ತಿದ್ದ. ಪಂದ್ಯದಲ್ಲಿ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಬಿಡುತ್ತದೆ. ಅಷ್ಟರೊಳಗೆ ತಲೆಯಲ್ಲಿ ಇಬ್ಬರೂ ಬಾಯಿ ಹಾಕಿದರೆ ಬ್ಯಾಟು ಗಾಳಿಗೆ ತಗಲುತ್ತದೆ, ಅಷ್ಟೇ. ಹದಿನೇಳು ಸರದಿಯಲ್ಲಿ ಅವನು ಹೊಡೆದದ್ದು ಒಂದು.

ಇಂಥ ಬರ ಬಂದಾಗ ಆಟಗಾರರು ಮಾಡುವುದು ಒಂದೇ. ಚೆನ್ನಾಗಿ ಹೊಡೆಯುತ್ತಿರುವವನ ಬ್ಯಾಟು ಕೇಳಿ ಪಡೆಯುತ್ತಾರೆ. ಅದರಲ್ಲಿ ಇನ್ನೂ ಹೊಡೆತ ಉಳಿದಿರುತ್ತದೆ ಎಂಬ ನಂಬಿಕೆ. ಬದಲಿಗೆ ತನ್ನದನ್ನು ಕೊಟ್ಟು ಬರಬೇಕು. ಕೇಳಿದಾಗ ಬ್ಯಾಟಿನವನು ಇಲ್ಲ ಎನ್ನಬಾರದು. ಮಂಗಳವಾರ ಎಮೆಟ್ ಪಕ್ಕದ ಲಾಕರಿನ ದಾನಿಲೊ ಉರೆನ್ಯಾನನ್ನು ಕೇಳಿದ.

"ತಗೋ ಮುದುಕಪ್ಪ," ಎಂದ ದಾನಿಲೊ. "ಹೊಡೆತ ಖಾಲಿ ಮಾಡ್ಬೇಡ. ನಂಗೂ ನಾಲ್ಕು ಉಳ್ಸು."

ದಾನಿಲೊಗೆ ಇಪ್ಪತ್ತೊಂದು. ಡೊಮಿನಿಕನ್ ಹುಡುಗ, ಆಡುವುದು ಎಮೆಟ್‌ನ ಜಾಗದಲ್ಲೇ. ಲಿಂಡ್ ಹೇಳಿದ್ದನ್ನು ದುಭಾಷಿಯಿಂದ ಬರೆಸಿಕೊಂಡು ಬಾಯಿಪಾಠ ಮಾಡುವವನು. ಬಿಸಿಲಿಗೆ ಬೇರೆಯವರು ನೆರಳು ಹುಡುಕುವಾಗ ಅವನು ಸೊಂಟ ತಿರುಗಿಸುತ್ತಾ ನಿಂತಿರುತ್ತಿದ್ದ.

ಎಮೆಟ್ ಆ ಬ್ಯಾಟು ಹಿಡಿದು ನೆಟ್ಸ್‌ಗೆ ಹೋದ. ಲಿಂಡ್ ಹೇಗೂ ಟ್ಯಾಬ್‌ನಿಂದ ತಲೆ ಎತ್ತುವವನಲ್ಲ. ಹಾಳಾಗಿ ಹೋಗಲಿ ಅನ್ನಿಸಿ, ಹದಿನೆಂಟನೇ ವಯಸ್ಸಿನಲ್ಲಿ ಪ್ರೂಯಿಟ್ ಕಲಿಸಿದ ಹಾಗೆ ಕೆಳಕ್ಕೇ ಬೀಸಿದ. ಬುಧವಾರವೂ ಅದೇ, ಗುರುವಾರವೂ ಅದೇ. ಚೆಂಡುಗಳು ನೆಲ ಕಚ್ಚಿ ಓಡಿದವು. ಪಂದ್ಯದಲ್ಲಿ ಮೂರು ಹೊಡೆತ ಸಿಕ್ಕವು. ಪ್ರೂಯಿಟ್ ಬೀಜದ ಸಿಪ್ಪೆ ಉಗಿದು, ಕೊನೆಗೂ ನನ್ನ ಮಾತು ತಲೆಗೆ ಹೋಯ್ತಲ್ಲ ಎಂದು ಬೆನ್ನು ತಟ್ಟಿದ.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತವನು ದಾನಿಲೊನ ಭುಜ ಮುಟ್ಟಿದ.

ಎಮೆಟ್ ಬಗ್ಗಿ ಲೇಸು ಕಟ್ಟಿದ. ಎದೆ ಹಗುರಾಯಿತು, ಹಗುರಾದದ್ದಕ್ಕೆ ಅಸಹ್ಯವೂ ಆಯಿತು. ದಾನಿಲೊ ಹತ್ತು ನಿಮಿಷದಲ್ಲಿ ವಾಪಸು ಬಂದು, ಅವರು ಹೇಳಿದ್ದೆಲ್ಲ ನಾನು ಮಾಡಿದೆ, ಎಲ್ಲಾ ಮಾಡಿದೆ ಎಂದು ಲಾಕರಿನ ಕಡೆ ಮುಖ ಮಾಡಿಕೊಂಡು ಹೇಳುತ್ತಲೇ ಇದ್ದ. ಯಾರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಲಿಂಡ್ ಎಮೆಟ್‌ನನ್ನು ಹೊರಗೆ ಕರೆದು ಟ್ಯಾಬ್ ಹಿಡಿದ. ಈ ವರ್ಷ ಒಬ್ಬೊಬ್ಬನ ಬ್ಯಾಟಿನ ಹಿಡಿಯ ತುದಿಗೂ ಅಂಗಿಯ ಗುಂಡಿಯಷ್ಟು ಯಂತ್ರ ಕೂರಿಸಿದ್ದರು. ನೆಟ್ಸ್‌ನಲ್ಲಿ ಬೀಸಿದ್ದೆಲ್ಲ ಎಷ್ಟು ಓರೆ, ಎಷ್ಟು ವೇಗ ಎಂದು ಅದು ಆಟಗಾರನ ಹೆಸರಿನಲ್ಲಿ ಗೆರೆ ಎಳೆದು ಕಳಿಸುತ್ತಿತ್ತು. ಮೇಲಕ್ಕೆ ಬೀಸಿದರೆ ಗೆರೆ ಏಳುತ್ತಿತ್ತು, ಕೆಳಕ್ಕೆ ಬೀಸಿದರೆ ಬೀಳುತ್ತಿತ್ತು; ಯಾರು ಉಳಿಯಬೇಕೆಂದು ಟೀಗ್ ನೋಡುತ್ತಿದ್ದುದು ಅದನ್ನೇ. ಎಮೆಟ್ ಸಾಬೊ ಎಂಬ ಹೆಸರಿನ ಗೆರೆ ಸೋಮವಾರದವರೆಗೆ ನೆಲದಲ್ಲಿ ಬಿದ್ದುಕೊಂಡಿತ್ತು. ಮಂಗಳವಾರ ಎದ್ದು, ಮೇಲೆಯೇ ನಿಂತಿತ್ತು.

"ನೋಡಿ, ಮೂರೇ ದಿನ," ಎಂದ ಲಿಂಡ್. "ಇದನ್ನ ಎಲ್ರಿಗೂ ತೋರಿಸ್ತೀನಿ. ಇಪ್ಪತ್ತೆಂಟಕ್ಕೂ ಕಲೀಬಹುದು ಅಂತ."

ಮಂಗಳವಾರದಿಂದ ತಾನು ಬೀಸಿದ್ದು ಕೆಳಕ್ಕೆ, ಅದೂ ದಾನಿಲೊನ ಬ್ಯಾಟಿನಲ್ಲಿ ಎಂದು ಎಮೆಟ್‌ಗೆ ಹೊಳೆಯಿತು. ದಾನಿಲೊನ ಗೆರೆ ತೋರಿಸು ಎಂದ. ಅದು ಮಂಗಳವಾರ ಧೊಪ್ಪನೆ ಬಿದ್ದಿತ್ತು.

ಬ್ಯಾಟು ಅದಲು ಬದಲಾದದ್ದನ್ನು ಅವನು ನಾಲ್ಕೇ ಮಾತಿನಲ್ಲಿ ಹೇಳಿದ. ಲಿಂಡ್‌ನ ಕಿವಿ ಕೆಂಪಾಯಿತು. ಅವನು ಆಚೀಚೆ ನೋಡಿ, ಆಗಿದ್ದು ಆಗಿಹೋಯಿತು, ನಿಮಗೆ ಒಳ್ಳೆಯದೇ ಆಗಿದೆಯಲ್ಲ, ಈಗ ಇದನ್ನು ಕೆದಕಿದರೆ ಯಂತ್ರವನ್ನೇ ಯಾರೂ ನಂಬುವುದಿಲ್ಲ ಎಂದು ಬೇಡಿಕೊಳ್ಳುವ ದನಿಯಲ್ಲಿ ಹೇಳಿದ.

"ಟೀಗ್‌ಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?" ಎಂದ ಎಮೆಟ್.

ಲಿಂಡ್ ಟ್ಯಾಬ್ ಆರಿಸಿ ಕಂಕುಳಲ್ಲಿ ಇಟ್ಟುಕೊಂಡ. ಎಮೆಟ್‌ಗೆ ಬೈಯುವಷ್ಟೂ ತ್ರಾಣವಿರಲಿಲ್ಲ. ನೇರ ಟೀಗ್‌ನ ಕೋಣೆಗೆ ಹೋದ.

ಆಟಗಾರರನ್ನು ಇಡುವುದೂ ಬಿಡುವುದೂ ರಸೆಲ್ ಟೀಗ್‌ನ ಕೈಯಲ್ಲಿತ್ತು. ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟ. ದಾನಿಲೊನನ್ನು ತಂಡದಿಂದ ಬಿಡುವ ಕಾಗದ ಇನ್ನೂ ಮೇಜಿನ ಮೇಲೇ ಇತ್ತು. ಅದನ್ನು ಹರಿಯಬಹುದು, ಆದರೆ ಇರುವುದು ಒಂದೇ ಜಾಗ ಎಂದ.

"ನೀನು ಸುಮ್ನಿದ್ದಿದ್ರೆ ಆಗ್ತಿತ್ತು, ಎಮೆಟ್."

"ಎಷ್ಟು ದಿನ ಸರ್? ಬ್ಯಾಟು ಅವನದು, ಅವನ ಜೊತೆ ಹೋಗುತ್ತೆ. ನಾಳೆ ನನ್ನ ಗೆರೆ ಮತ್ತೆ ಬೀಳುತ್ತೆ. ಇವರು ಮತ್ತೆ ನನ್ನ ರಿಪೇರಿಗೆ ಕೂರ್ತಾರೆ." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ನನ್ನ ಕೈಲಿ ಇನ್ನಾಗಲ್ಲ. ನೀವು ಹೇಳಿದ್ದೆಲ್ಲ ಆ ಹುಡುಗ ಮಾಡಿದಾನೆ. ನಾನು ಬೀಸಿದ್ದಕ್ಕೆ ಅವನನ್ನ ಓಡಿಸ್ತಿದ್ದೀರಿ."

ಟೀಗ್ ದಾನಿಲೊನ ಕಾಗದ ಹರಿದ. ನೀನು ಮೂರು ದಿನ ಚೆನ್ನಾಗೇ ಹೊಡೆದೆಯಲ್ಲ ಎಂದೂ ಹೇಳಿದ, ತನಗೇ ಹೇಳಿಕೊಂಡ ಹಾಗೆ. ಆಮೇಲೆ ದಾನಿಲೊನನ್ನು ಕರೆಯಲು ಆಳು ಕಳಿಸಿ, ಹೊಸ ಕಾಗದ ತೆಗೆದು ಎಮೆಟ್ ಸಾಬೊ ಎಂದು ಬರೆದ. ಹೊಡೆತಕ್ಕಿಂತ ಗೆರೆ ದೊಡ್ಡದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಬರೆಯುವ ಧೈರ್ಯ ಇತ್ತು.

ಎಂಟು ಗಂಟೆಗೆ ಎಮೆಟ್ ತನ್ನ ಸಾಮಾನನ್ನು ಕಾರಿನ ಡಿಕ್ಕಿಗೆ ತುಂಬುತ್ತಿದ್ದಾಗ ಪ್ರೂಯಿಟ್ ಏದುಸಿರು ಬಿಡುತ್ತಾ ಬಂದ. ಸುದ್ದಿ ಅವನಿಗೆ ಮುಟ್ಟಿತ್ತು. ಮುದುಕನ ಕಣ್ಣು ಒದ್ದೆಯಾಗಿತ್ತು. ಆದರೂ ಕೇಳದೆ ಇರಲಾಗಲಿಲ್ಲ.

"ನಿಜ ಹೇಳೋ ಮಗನೇ. ಆ ಮೂರು ದಿನ ಕೆಳಕ್ಕೇ ತಾನೇ ಬೀಸಿದ್ದು?"

"ಹೂಂ, ಹಾರ್ಲನ್. ಕೆಳಕ್ಕೇ."

"ನಾ ಹೇಳ್ಲಿಲ್ವಾ. ಒಂದೇ ತಪ್ಪು, ನಿನ್ನ ಮುಂದಿನ ಭುಜ ಸ್ವಲ್ಪ ಬೇಗ ತೆರ್ಕೊಳ್ಳುತ್ತೆ. ನೋಡು, ಹಿಂಗೆ."

ಪ್ರೂಯಿಟ್ ಟಾರು ನೆಲದ ಮೇಲೆ ಕಾಲು ಅಗಲಿಸಿ ನಿಂತು ಬರಿಗೈಯಲ್ಲಿ ಬೀಸಿ ತೋರಿಸತೊಡಗಿದ. ಒಮ್ಮೆ, ಇನ್ನೊಮ್ಮೆ, ನಿಧಾನವಾಗಿ ಮತ್ತೊಮ್ಮೆ. ಎಮೆಟ್ ಡಿಕ್ಕಿಯ ಬಾಗಿಲು ಹಿಡಿದುಕೊಂಡು ತಲೆಯಾಡಿಸುತ್ತಾ ಮುದುಕ ಮುಗಿಸಲಿ ಎಂದು ಕಾದ.