ರಜೆಯ ದಿನ ಬಾಗಿಲಿಗೆ ಬಂದ ನಾಬಕೂಜಾ

ನಾಬಕೂಜಾಳನ್ನು ಕುಳಿತ ಭಂಗಿಯಲ್ಲಿ ಕಂಡವರು ಕಂಪಾಲ ನಗರದಲ್ಲಿ ವಿರಳ. ಚಹಾವನ್ನು ಅಂಗಳದಲ್ಲಿ ಅಡ್ಡಾಡುತ್ತಲೇ ಕುಡಿಯುವಳು. ಇಗರ್ಜಿಯಲ್ಲಿ ಎಲ್ಲರೂ ಮಂಡಿಯೂರಿದಾಗ ಬಾಗಿಲ ಬಳಿ ಕಾಲು ಬದಲಿಸುತ್ತ ನಿಂತಿರುವಳು. ನಕಸೆರೊ ಮಾರುಕಟ್ಟೆಯಲ್ಲಿ ಬಾಳೆಗೊನೆ ಮಾರುವಾಗಲೂ ಹೊರಟ ಗಿರಾಕಿಯ ಬೆನ್ನಟ್ಟಿ ಹೋಗಿ ಚೌಕಾಸಿ ಮುಗಿಸಿ ಬರುವಳು. ಸ್ಥೂಲಕಾಯ, ಬಿರುಸು ನಡಿಗೆ, ಚೂಪು ಭುಜದ ಗೋಮೆಸಿ ಉಡುಪಿನ ಮೇಲೆ ಮಳೆ ಬಿಸಿಲೆನ್ನದೆ ಗಂಡಸಿನದೊಂದು ಕಂದು ಕೋಟು. ಆ ಕೋಟು ಅವಳ ತಮ್ಮ ಮುಲೊಂಡೊನದು.

ತಾಯಿ ತೀರಿದ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಅವಳೇ. ದೂರದ ಮರುಭೂಮಿಯಲ್ಲಿ ಪರದೇಶದ ಸೇನೆಯೊಂದು ಯುದ್ಧ ಹೂಡಿದಾಗ, ಅದರ ಶಿಬಿರದ ಬಾಗಿಲು ಕಾಯಲು ಕಂಪನಿಯೊಂದು ನಮ್ಮ ಹುಡುಗರನ್ನು ಒಯ್ದಿತು. ಮುಲೊಂಡೊ ಆ ಬಾಗಿಲಲ್ಲೇ ಗುಂಡಿಗೆ ಬಲಿಯಾದ. ಮೊಳೆ ಹೊಡೆದ ಪೆಟ್ಟಿಗೆ ಬಂತು. ಹುಟ್ಟೂರು ಮಸಾಕಾದ ಬಾಳೆತೋಟದಲ್ಲಿ ಅಜ್ಜನ ಪಕ್ಕ ಮಣ್ಣಾಯಿತು. ಅವನು ನಮ್ಮ ಸೈನಿಕನಲ್ಲ ಎಂದಿತು ಸೇನೆ. ಕಂಪನಿಯಂತೂ ಹೆಸರು ಬದಲಿಸಿಕೊಂಡು ಅಂತರ್ಧಾನವಾಯಿತು. ಅಂದಿನಿಂದ ನಾಬಕೂಜಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಆ ದೇಶದ ರಾಯಭಾರ ಕಚೇರಿ ವರ್ಷಕ್ಕೊಮ್ಮೆ ತನ್ನ ಹುತಾತ್ಮ ಯೋಧರ ಸ್ಮರಣೆಗಾಗಿ ಬಾಗಿಲು ಮುಚ್ಚುತ್ತದೆ. ಮೊನ್ನೆಯೂ ಮುಚ್ಚಿತ್ತು. ಒಳಗೆ ಕಹಳೆಯ ಧ್ವನಿ, ಸತ್ತವರ ಹೆಸರುಗಳ ಓದು. ಹೊರಗೆ, ರಜೆಯ ಸುದ್ದಿ ತಿಳಿಯದೆ ದೂರದ ಗುಲು ಪಟ್ಟಣದಿಂದ ಬಸ್ಸಿನಲ್ಲಿ ವೀಸಾ ಕೇಳಲು ಬಂದವರ ಗೊಣಗಾಟ. ಅವರನ್ನು ಸೀಳಿಕೊಂಡು ಬಂದಳು ನಾಬಕೂಜಾ.

ಕಾವಲುಗಾರ ಒಚಾನ್ ಕೈ ಅಡ್ಡ ಹಿಡಿದ. "ಇವತ್ತು ರಜಾ ಕಣಮ್ಮಾ. ಸತ್ತ ಸೈನಿಕರನ್ನ ನೆನೆಯೋ ದಿನ."

"ಅದಕ್ಕೇ ಬಂದಿದ್ದು. ಒಳಗೆ ಹೋಗಿ ನನ್ ತಮ್ಮನ ಹೆಸರೂ ಓದ್ಸು."

"ನನ್ ಕೆಲಸ ಕಳೀತೀಯಾ ನೀನು. ಪಕ್ಕಕ್ಕೆ ನಿಂತ್ಕೋ."

"ನಿಂತ್ಕೊಳ್ಳೋದೇ ಆಗಿದ್ರೆ ಮನೇಲೇ ನಿಲ್ತಿದ್ದೆ!"

ಜನ ನಕ್ಕರು. ಅವಳು ಗೇಟಿನುದ್ದಕ್ಕೂ ಹಿಂದೆ ಮುಂದೆ ನಡೆಯತೊಡಗಿದಳು, ಬೋನಿನ ಸಿಂಹಿಣಿಯಂತೆ. ಕೊನೆಗೆ ಗೇಟು ಸರಿದು ಕಪ್ಪು ಕಾರೊಂದು ಹೊರಬಂದಾಗ ನೇರ ಅದರ ಮುಂದೆ ಹೋಗಿ ನಿಂತಳು. ಒಚಾನ್ ತೋಳು ಹಿಡಿದೆಳೆದ, ಅವಳು ಜಗ್ಗಲಿಲ್ಲ. ಗಾಜು ಇಳಿಯಿತು. ನರೆತ ಅಧಿಕಾರಿಯೊಬ್ಬ ಅವಳ ತಮ್ಮನ ಹೆಸರು, ಕಥೆ ಎಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ನಿಮ್ಮ ದುಃಖ ಅರ್ಥವಾಗುತ್ತದೆ, ಆದರೆ ಆತ ಕಂಪನಿಯವನು ಎಂದ.

"ಗುಂಡು ಕೇಳ್ತಾ, ನೀನು ಕಂಪನಿಯವನಾ ಸೇನೆಯವನಾ ಅಂತ? ಕೇಳ್ದೆ ಹೊಡೀತು. ನೀವೂ ಕೇಳ್ದೆ ಹೆಸರು ಹೇಳಿ."

ಅಧಿಕಾರಿ ಕಾರಿನಿಂದಿಳಿದು, ಟೋಪಿ ತೆಗೆದು, "ಮಲಾಂಡೋ" ಎಂದ.

"ಮು-ಲೊಂ-ಡೊ."

ಎರಡನೆಯ ಸಲವೂ ತಪ್ಪಿತು. ಅವಳು ಬಿಡಲಿಲ್ಲ, ಮಗುವಿನ ತೊದಲು ತಿದ್ದುವವಳಂತೆ, ನಾಲಿಗೆ ಸರಿಯಾಗಿ ಹೊರಳುವವರೆಗೂ ಹೇಳಿಸಿದಳು. ಅನಂತರವೇ ದಾರಿ ಬಿಟ್ಟಳು.

ಕಾರು ಹೋದ ಮೇಲೆ ಒಚಾನ್ ಗೇಟಿನ ಸರಳು ಹಿಡಿದು ನಿಂತೇ ಇದ್ದ. ಬೈಗುಳ ಬರುವುದೆಂದು ಅವಳು ಸೊಂಟಕ್ಕೆ ಕೈಯಿಟ್ಟು ಸಿದ್ಧಳಾದಳು. ಅವನು ಮೆಲ್ಲನೆ, "ಆ ಮರುಭೂಮೀಲಿ ನಾನೂ ಬಾಗಿಲು ಕಾದಿದ್ದೆ. ನನ್ ಜತೆಗಾರ ಒಬ್ಬ ಅಲ್ಲೇ ಹೋದ... ಒಡೊಂಗ್‌ಕಾರ ಅಂತ. ಮುಂದಿನ ವರ್ಷ ಬಂದ್ರೆ, ಅವನ ಹೆಸರೂ ಸೇರ್ಸ್ಕೋ ತಾಯಿ" ಎಂದ.

"ಮುಂದಿನ ವರ್ಷ ಯಾಕೆ? ಈಗ್ಲೇ ಕೂಗು!"

ಅವನು ಕೂಗಿದ, ಮುಚ್ಚಿದ ಕಚೇರಿಯ ಕಡೆಗೆ ಮುಖಮಾಡಿ, ಗಂಟಲು ಬಿರಿಯುವಂತೆ. ನಾಬಕೂಜಾ ತಲೆಯಾಡಿಸಿ ಮಾರುಕಟ್ಟೆಯ ಇಳಿಜಾರಿನಲ್ಲಿ ಬಿರಬಿರನೆ ನಡೆದುಹೋದಳು.

ಇಂಥವರ ಚಡಪಡಿಕೆಯನ್ನು ನೆರೆಹೊರೆ ಸ್ವಭಾವದೋಷವೆಂದೇ ನಗುತ್ತದೆ. ರಾಷ್ಟ್ರಗಳು ಶೋಕಕ್ಕೊಂದು ದಿನ ಗೊತ್ತುಮಾಡಿ, ಮರುದಿನ ಬೀಗ ತೆಗೆದು ಕೆಲಸಕ್ಕೆ ಕೂರುತ್ತವೆ. ಇವರ ಶೋಕಕ್ಕೆ ಗೊತ್ತಾದ ದಿನವಿಲ್ಲ, ಧ್ವಜವಿಲ್ಲ, ಕಹಳೆಯಿಲ್ಲ; ಅದು ಕಾಲಿಗಿಳಿದು ನಡೆಯುತ್ತಲೇ ಇರುತ್ತದೆ.