ಸವಳು ಸರೋವರದ ಜಾರುಬಂಡಿ

ನಾನು ಒಂದು ಜಾರುಬಂಡಿ. ಚಕ್ರಗಳಿಲ್ಲ, ಮಂಜುಗಡ್ಡೆಯ ಮೇಲೆ ನನ್ನನ್ನು ಎಳೆಯಬೇಕು. ಸಿಂಧೂ ನದಿಯ ದಂಡೆಯ ಪಾಪ್ಲರ್ ಮರವೊಂದನ್ನು ಕಡಿದು, ಎರಡು ಉದ್ದ ತೊಲೆಗಳ ಮೂತಿ ಕೆತ್ತಿ, ಅಡ್ಡಪಟ್ಟಿ ಬಡಿದು, ಅಡಿಗೆ ಕಬ್ಬಿಣದ ತಗಡು ಹೊಡೆದು ನನ್ನನ್ನು ಮಾಡಿದರು. ಬಡಗಿಗೆ ನನ್ನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅವನಿಗೆ ಅದೇ ವಾರ ಯಾರದೋ ಮನೆಯ ಬಾಗಿಲು ಮುಗಿಸಬೇಕಿತ್ತು.

ಯೊಂಟನ್ ಎಂಬ ಆಡುಗಾಹಿ ನನ್ನನ್ನು ಯಾಕ್ ಎತ್ತಿನ ಬೆನ್ನಿಗೆ ಕಟ್ಟಿ ಲಡಾಖಿನ ಪೂರ್ವದ ಎತ್ತರದ ಬಯಲಿಗೆ ಒಯ್ದ. ಅಲ್ಲಿ ಮರವೇ ಇಲ್ಲ. ಬೋಳು ಬೆಟ್ಟಗಳ ನಡುವೆ ಉದ್ದಕ್ಕೆ ಮಲಗಿದ ಒಂದು ಸರೋವರ. ಹಿಮ ಕರಗಿದ ತೊರೆಗಳು ಒಳಗೆ ಬರುತ್ತವೆ, ಹೊರಗೆ ಹೋಗುವ ದಾರಿಯಿಲ್ಲ. ಬಿಸಿಲು ಹೀರಿದಷ್ಟು ಹೀರಿ ಉಪ್ಪನ್ನು ಬಿಟ್ಟುಹೋಗುತ್ತದೆ. ಮಳೆ ಅಪರೂಪ. ಮಧ್ಯಾಹ್ನವಾದರೆ ಗಾಳಿ ಏಳುತ್ತದೆ, ಸಂಜೆಯವರೆಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡಲು ಬರುತ್ತವೆ. ಚಳಿಗಾಲವನ್ನು ಅವು ನಿಮ್ಮ ಕಡೆಯ ಕೆರೆಗಳಲ್ಲಿ ಕಳೆಯುತ್ತವಂತೆ. ಅವು ಹೊರಟುಹೋದ ಮೇಲೆ ನೀರು ಕಲ್ಲಾಗುತ್ತದೆ. ಆಗ ನನ್ನ ದುಡಿಮೆ ಶುರು.

ಆ ಬಯಲಿನಲ್ಲಿ ಹಿಮ ಬೀಳುವುದು ಕಡಿಮೆ. ಹಾಗಾಗಿಯೇ ಚಳಿಗಾಲದಲ್ಲೂ ಆಡುಗಳಿಗೆ ಒಣಹುಲ್ಲು ಸಿಗುತ್ತದೆ. ಆದರೆ ಒಂದು ವರ್ಷ ಚಳಿಗಾಲದ ಕೊನೆಗೆ ಮೊಣಕಾಲೆತ್ತರ ಬಿತ್ತು. ಹುಲ್ಲು ಮುಚ್ಚಿಹೋಯಿತು. ಹಸಿದ ಆಡುಗಳು ಒಂದರ ಉಣ್ಣೆಯನ್ನು ಇನ್ನೊಂದು ಕಿತ್ತು ತಿನ್ನತೊಡಗಿದವು. ಆಚೆ ದಂಡೆಗೆ ಲಾರಿಯಲ್ಲಿ ಮೇವು ಬಂದಿದೆ ಎಂದು ಸುದ್ದಿ ಬಂತು. ಯೊಂಟನ್ ತಂಗಿ ಕುಂಜೆಸ್ ಗಾಳಿಗೆ ಮುಖ ಒಡ್ಡಿ ನಿಂತಳು.

"ಆಚೊ, ಗಾಳಿ ಬೆಚ್ಚಗಾಗಿದೆ. ಮಂಜುಗಡ್ಡೆ ಮೆತ್ತಗಾಗಿರುತ್ತೆ."

ಆಚೊ ಎಂದರೆ ಅಲ್ಲಿ ಅಣ್ಣ.

"ನಾಳೆ ಇನ್ನೂ ಮೆತ್ತಗಾಗುತ್ತೆ. ನಡಿ," ಎಂದ ಯೊಂಟನ್.

ಹೋಗುವಾಗ ತೊರೆ ಬಂದು ಸೇರುವ ಜಾಗವನ್ನು ಬಳಸಿ ಹೋದರು. ಅಲ್ಲಿ ಕೆಳಗೆ ನೀರು ಹರಿಯುತ್ತಿರುವುದರಿಂದ ಗಡ್ಡೆ ತೆಳು. ಬರುವಾಗ ನನ್ನ ಮೇಲೆ ಹುಲ್ಲಿನ ಪಿಂಡಿಗಳ ಗುಡ್ಡೆ, ಎದುರಿಗೆ ಗಾಳಿ. ಯೊಂಟನ್‌ಗೆ ಸಾಕಾಗಿತ್ತು. ನೇರ ದಾರಿ ಹಿಡಿದ. ಗಡ್ಡೆ ಸೀಳಿತು, ಅವನು ಎದೆಯವರೆಗೆ ನೀರಿಗಿಳಿದ.

ಕುಂಜೆಸ್ ಚಾಕು ತೆಗೆದು ನನ್ನ ಮೇಲೆ ಹುಲ್ಲು ಬಿಗಿದಿದ್ದ ಹಗ್ಗ ಕೊಯ್ದಳು.

"ಹುಲ್ಲು ಕೆಡವಬೇಡ," ಎಂದು ಅವನು ನೀರಿನಿಂದಲೇ ಅಂದ. "ಆಡು ಸಾಯ್ತವೆ."

"ಬಾಯ್ಮುಚ್ಚಿ ಇದನ್ನ ಹಿಡ್ಕೊ."

ಪಿಂಡಿಗಳನ್ನು ಉರುಳಿಸಿ, ಬರಿದಾದ ನನ್ನನ್ನು ಒಡಕಿನ ಮೇಲೆ ಅಡ್ಡ ತಳ್ಳಿದಳು. ಅವನು ನನ್ನನ್ನು ತಬ್ಬಿ ಮೇಲೆ ಬಂದ. ಅಷ್ಟರಲ್ಲಿ ಸುತ್ತಲಿನ ಗಡ್ಡೆಯೂ ಕುಸಿದು ಹುಲ್ಲು ನೀರುಪಾಲಾಯಿತು. ಅಣ್ಣನನ್ನು ನನ್ನ ಮೇಲೆ ಮಲಗಿಸಿ, ತನ್ನ ಚರ್ಮದ ಕೋಟು ಹೊದಿಸಿ, ಅವಳೊಬ್ಬಳೇ ಬಿಡಾರದವರೆಗೆ ಎಳೆದಳು.

ಯೊಂಟನ್ ಉಳಿದ. ಎಡಗಾಲಿನ ಬೆರಳುಗಳು ಉಳಿಯಲಿಲ್ಲ. ಹಿಮ ಕರಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದೆ ಸತ್ತಿತ್ತು. ಒಂದು ದಿನ ಅವನು ಗುಡಾರದ ಬಾಗಿಲಲ್ಲಿ ಕೂತು ಅಂದ, "ನನ್ನನ್ನ ಬಿಟ್ಟು ಹುಲ್ಲು ತಂದಿದ್ರೆ ಮಂದೆ ಉಳೀತಿತ್ತು."

"ಉಳೀತಿತ್ತು," ಅಂದಳು ಕುಂಜೆಸ್. ಅವಳು ಬೆಣ್ಣೆ ಚಹಾ ಕಡೆಯುತ್ತಿದ್ದಳು. "ನಾನು ಯಾರ ಜೊತೆ ಜಗಳಾಡಬೇಕಿತ್ತು? ಚಹಾ ಕುಡಿ."

ಮಂದೆ ಸಣ್ಣದಾದ ಮೇಲೆ ನಾನು ಸೈನಿಕರ ಠಾಣೆ ಸೇರಿದೆ. ಬಾದಾಮಿ ಕಡೆಯ ಹವಾಲ್ದಾರ್ ಗುರುಸಿದ್ದಪ್ಪ ಕುಡಿಯುವ ನೀರಿಗೆಂದು ತೊರೆಯ ಸಿಹಿ ಗಡ್ಡೆ ಒಡೆದು ನನ್ನ ಮೇಲೆ ಹೇರುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. "ಇಷ್ಟ್ ನೀರ್ ಐತಿ, ಒಂದ್ ಹನಿ ಕುಡಿಯಾಕ ಬರೂದಿಲ್ಲ ನೋಡಪಾ," ಎಂದು ನನಗೇ ಹೇಳುತ್ತಿದ್ದ. ಅವನ ಮಾತು ಅಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ವರ್ಗವಾಗಿ ಹೋದ. ಆಮೇಲೆ ಬಂದವರು ನನ್ನೊಡನೆ ಮಾತಾಡಲಿಲ್ಲ.

ಮುಂದೆ ದಂಡೆಗುಂಟ ರಸ್ತೆಯಾಯಿತು, ಟ್ಯಾಂಕರ್ ಬಂತು. ಸರೋವರವೂ ಬದಲಾಯಿತು. ಹೆಪ್ಪುಗಟ್ಟುವುದು ತಡ, ಕರಗುವುದು ಬೇಗ. ನೀರು ಮೇಲೇರಿ ಹಳೆಯ ಹುಲ್ಲುಗಾವಲೊಂದನ್ನು ನುಂಗಿತು. ನನ್ನನ್ನು ಠಾಣೆಯ ಹಿಂದೆ ಎಸೆದರು. ಬಹಳ ಕಾಲ ಬಿದ್ದಿದ್ದೆ.

ನನ್ನನ್ನು ಎತ್ತಿಕೊಂಡು ಹೋದವಳು ಕುಂಜೆಸ್. ಅವಳ ತಲೆ ನರೆತಿತ್ತು. ಪ್ರವಾಸಿಗರಿಗಾಗಿ ದಂಡೆಯ ಮೇಲೆ ಮಣ್ಣಿನ ಮನೆ ಕಟ್ಟಿಸುತ್ತಿದ್ದಳು. ಮರವಿಲ್ಲದ ಊರಿನಲ್ಲಿ ಮರವನ್ನು ಯಾರೂ ಸುಡುವುದಿಲ್ಲ. ನನ್ನನ್ನು ಬಿಚ್ಚಿ, ಎರಡು ತೊಲೆಗಳನ್ನು ಅಡುಗೆಮನೆಯ ಚಾವಣಿಗೆ ಹಾಕಿಸಿದಳು.

ಈಗ ಕೆಳಗೆ ಒಲೆ, ಒಲೆಯ ಪಕ್ಕ ಕೋಲು ಹಿಡಿದ ಯೊಂಟನ್. ಗಡ್ಡೆಯ ಮೇಲೆ ನಡೆಯಬಹುದೇ ಎಂದು ಪ್ರವಾಸಿಗರು ಕೇಳುತ್ತಾರೆ. ಅವನು ಕುಂಜೆಸ್ ಕಡೆ ನೋಡುತ್ತಾನೆ. "ದಂಡೆಯಲ್ಲೇ ನಿಂತು ನೋಡಿ," ಎನ್ನುತ್ತಾಳೆ ಅವಳು.

ನನ್ನ ಮೈಗೆ ಮಸಿ ಹಿಡಿದಿದೆ. ಮಧ್ಯಾಹ್ನದ ಗಾಳಿಗೆ ಚಾವಣಿಯ ಮಣ್ಣು ಸಣ್ಣಗೆ ಉದುರುತ್ತದೆ. ಬಳಲಿದ್ದೇನೆ. ಹೊರುವುದು ಈಗಲೂ ತಪ್ಪಿಲ್ಲ. ಆದರೆ ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲ.