ಬಲಗಡೆಯವರ ತೊಂಬತ್ತೊಂದು ದನ

ಕುಪ್ಪಗಡ್ಡೆಯ ಹೆಂಗಸರ ಹಗ್ಗಜಗ್ಗಾಟದ ತಂಡ ಕಲಬುರಗಿಗೆ ಹೊರಟದ್ದು ಆಗಸ್ಟ್ ತಿಂಗಳ ಒಂದು ಶುಕ್ರವಾರ. ಮಾರನೇ ದಿನ ಅಲ್ಲಿ ರಾಜ್ಯ ಮಟ್ಟದ ಪಂದ್ಯ. ಬೆಳಿಗ್ಗೆ ಏಳೂವರೆಗೆ ಹೊರಟರೆ ಕತ್ತಲಾಗುವುದರೊಳಗೆ ತಲುಪಬಹುದು ಎಂಬ ಅಂದಾಜು. ಎಂಟು ಜನ ಹೆಂಗಸರು, ಎರಡು ಹಗ್ಗ, ಒಂದು ಚೀಲ ಮಂಡಕ್ಕಿ, ಒಂದು ಡಬ್ಬಿ ಕೋಡುಬಳೆ, ಹನ್ನೆರಡು ಸೀಟಿನ ಟಿಟಿ ಗಾಡಿ, ಅದನ್ನು ಓಡಿಸಲು ಹುಲಿಯಪ್ಪ. ತಂಡದ ಕೋಚ್ ಗುರುಪ್ರಕಾಶ್ ಅಂಬ್ಲಿಗೊಳದವರು. ಒಂಬತ್ತಕ್ಕೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಅಲ್ಲಿ ಹತ್ತಿಸಿಕೊಳ್ಳಿ ಎಂದಿದ್ದರು.

ಈ ತಂಡಕ್ಕೆ ಎಳೆಯುವುದರ ಭಯ ಇರಲಿಲ್ಲ. ಭಯ ಇದ್ದದ್ದು ಗಾಡಿಯಲ್ಲಿ ಕೂರುವುದರದ್ದು. ಹೋದ ವರ್ಷ ಮೈಸೂರಿಗೆ ಹೋಗುವಾಗ ಹೊತ್ತು ಹೋಗಲೆಂದು ಅಂತ್ಯಾಕ್ಷರಿ ಆಡಿದ್ದರು. ತರೀಕೆರೆ ಹತ್ತಿರ ಒಬ್ಬಳ ಪಾಲಿಗೆ 'ಳ' ಬಂತು. 'ಳ'ದಿಂದ ಹಾಡೇ ಇಲ್ಲ ಎಂದು ಆಕೆ ಕೈಚೆಲ್ಲಿದಳು. ಇದೆ ಎಂದು ಮೂಕಮ್ಮ ಅಲ್ಲೇ ಒಂದು ಹಾಡು ಕಟ್ಟಿ ಮೂರು ಚರಣ ಹಾಡಿಬಿಟ್ಟಳು. ಅದು ಹಾಡೋ ಅಲ್ಲವೋ ಎಂಬ ಜಗಳ ಮೈಸೂರು ಮುಟ್ಟಿತು, ವಾಪಸ್ಸೂ ಬಂತು. ಇಬ್ಬರೂ ದೀಪಾವಳಿವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದಕ್ಕೇ ಈ ಸಲ ಗಾಡಿ ಹತ್ತುವ ಮುಂಚೆಯೇ ನಾಯಕಿ ವನಜಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ಹಾಡು ಬಂದ್. ಯಾರಾದ್ರೂ ಬಾಯಿ ಬಿಟ್ಟು ಹಾಡಿದ್ರೆ ಅಲ್ಲೇ ಇಳಿಸ್ತೀನಿ."

ವನಜಮ್ಮನಿಗೆ ನಲವತ್ತಾರು ವಯಸ್ಸು, ನಾಲ್ಕು ಎಮ್ಮೆ. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ನಿಲ್ಲುವವಳು ಅವಳೇ. ಅವಳು ಇಳಿಸುತ್ತೇನೆ ಎಂದರೆ ಎತ್ತಿಯೇ ಇಳಿಸುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಹತ್ತು ನಿಮಿಷ ಗಾಡಿಯೊಳಗೆ ಮಂಡಕ್ಕಿ ಅಗಿಯುವ ಸದ್ದು ಬಿಟ್ಟರೆ ಬೇರೆ ಇಲ್ಲ.

ಆಗ ಗಂಗಾಶ್ರೀ ಬಾಯಿ ತೆರೆದಳು. ಮದುವೆಯಾಗಿ ಕುಪ್ಪಗಡ್ಡೆಗೆ ಬಂದು ಎಂಟು ತಿಂಗಳಾಗಿದ್ದ ಅವಳು ತಂಡಕ್ಕೆ ಹೊಸಬಳು. "ವನಜಕ್ಕ, ಹಾಡಿಲ್ಲದ್ದೊಂದು ಆಟ ಇದೆ. ಎಡಗಡೆ ಕೂತೋರು ಎಡಗಡೆ ಕಾಣೋ ದನ ಎಣಿಸೋದು, ಬಲಗಡೆಯೋರು ಬಲಗಡೆದು. ಹಸು, ಎತ್ತು, ಕರು ಒಂದೊಂದು. ಎಮ್ಮೆಗೆ ಎರಡು. ಪೆಟ್ರೋಲ್ ಬಂಕ್ ಯಾವ ಕಡೆ ಬರುತ್ತೋ ಆ ಕಡೆಯೋರ ದನ ಎಲ್ಲಾ ಹೋಯ್ತು. ಮತ್ತೆ ಸೊನ್ನೆಯಿಂದ."

"ಬಂಕಿಗೂ ದನಕ್ಕೂ ಎಂತ ಸಂಬಂಧ ಮಾರಾಯ್ತಿ?" ಎಂದಳು ಮೂಕಮ್ಮ. ಕೊಲ್ಲೂರಿನ ದೇವಿಯ ಹೆಸರಿಟ್ಟಿದ್ದರು ಅವಳಿಗೆ. ಅದು ಬಿಟ್ಟರೆ ಅವಳಲ್ಲಿ ಮೂಕತನ ಯಾವ ಮೂಲೆಯಲ್ಲೂ ಇರಲಿಲ್ಲ.

"ಗೊತ್ತಿಲ್ಲಕ್ಕ. ನಮ್ಮ ಸ್ಕೂಲ್ ಟೂರಲ್ಲಿ ಹಂಗೇ ಇತ್ತು."

ಎಮ್ಮೆಗೆ ಎರಡು ಎಂದದ್ದು ವನಜಮ್ಮನಿಗೆ ನ್ಯಾಯವಾಗಿ ಕಂಡಿತು. ಒಪ್ಪಿದಳು. ಅವಳು, ಮೂಕಮ್ಮ ಮತ್ತಿಬ್ಬರು ಬಲಗಡೆ. ಗಂಗಾಶ್ರೀ ಮತ್ತು ಮೂವರು ಎಡಗಡೆ.

ಸೊರಬ ಪೇಟೆ ದಾಟುವಾಗ ಎಡಕ್ಕೊಂದು ಬಂಕ್, ಬಲಕ್ಕೊಂದು ಬಂಕ್ ಬಂದು ಇಬ್ಬರದ್ದೂ ಸೊನ್ನೆಯಾಯಿತು. ನಿಜವಾದ ಆಟ ಶುರುವಾದದ್ದು ಅಲ್ಲಿಂದಾಚೆ. ದನ ಮೇಯಲು ಬಿಡುವ ಹೊತ್ತು. ದಿನಾ ಹಾಲು ಕರೆದು, ಸಗಣಿ ಬಾಚಿ, ದನದ ಮುಖ ನೋಡಿ ನೋಡಿ ಬೇಸತ್ತಿದ್ದ ಹೆಂಗಸರು ಈಗ ಕಿಟಕಿಗೆ ಮೂಗು ಒತ್ತಿಕೊಂಡು, ಜನ್ಮದಲ್ಲಿ ಹಸುವನ್ನೇ ಕಾಣದವರ ಹಾಗೆ ಕೂಗಿಕೊಳ್ಳುತ್ತಿದ್ದರು.

"ಅಗಾ, ಆ ಕೊಟ್ಟಿಗೇಲಿ ಮೂರು!"

"ಬಾಲ ಮಾತ್ರ ಕಂಡಿದ್ದು. ಬಾಲಕ್ಕೆಲ್ಲ ಲೆಕ್ಕ ಇಲ್ಲ!"

"ಬಾಲ ಇದ್ದಲ್ಲಿ ದನ ಇರಲ್ವನೇ?"

ಹುಲಿಯಪ್ಪ ಮೊದಮೊದಲು ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಆಮೇಲೆ ನಗು ನಿಂತಿತು. ಬಲಗಡೆ ಮಂದೆ ಕಂಡರೆ ಗಾಡಿ ನಿಧಾನವಾಗತೊಡಗಿತು. ಎಡಗಡೆ ಕಂಡರೆ ರೊಯ್ಯನೆ ಹೋಗತೊಡಗಿತು. ಎರಡನೇ ಸಲಕ್ಕೆ ಗಂಗಾಶ್ರೀ ಹಿಡಿದುಬಿಟ್ಟಳು.

"ಹುಲಿಯಣ್ಣ, ನೀವು ಡ್ರೈವರು. ಆಟಕ್ಕಿಲ್ಲ!"

"ನಾನು ಕೂತಿರೋದು ಬಲಗಡೆನೇ ಅಲ್ವನಮ್ಮ?" ಎಂದ ಹುಲಿಯಪ್ಪ.

ಒಂಬತ್ತಕ್ಕೆ ಸರಿಯಾಗಿ ಗುರುಪ್ರಕಾಶ್ ಫೋನ್ ಮಾಡಿದರು. "ಎಲ್ಲಿದ್ದೀರಿ?"

"ಬಂದೇಬಿಟ್ವಿ ಸರ್, ಇನ್ನೈದು ನಿಮಿಷ," ಎಂದಳು ವನಜಮ್ಮ. ಆಗ ಅವರಿನ್ನೂ ಶಿರಾಳಕೊಪ್ಪವನ್ನೇ ಮುಟ್ಟಿರಲಿಲ್ಲ. ಒಂದು ಕೆರೆಯ ಏರಿಯ ಮೇಲೆ ಗಾಡಿ ನಿಂತಿತ್ತು. ನೀರಿನಲ್ಲಿ ಮಲಗಿದ್ದ ಎಮ್ಮೆಗಳ ತಲೆಗಳು ಮಾತ್ರ ಕಾಣುತ್ತಿದ್ದವು. ಅವು ಒಂಬತ್ತೋ ಹತ್ತೋ ಎಂಬುದು ತೀರ್ಮಾನವಾಗಬೇಕಿತ್ತು.

ಶಿರಾಳಕೊಪ್ಪ ಹತ್ತಿರವಾದಾಗ ಬಲಗಡೆಯವರದ್ದು ತೊಂಬತ್ತೊಂದು, ಎಡಗಡೆಯವರದ್ದು ಎಪ್ಪತ್ತೆಂಟು. ಡೀಸೆಲ್ ಮುಳ್ಳು ಕೆಳಗೆ ಬಿದ್ದಿತ್ತು. ಹುಲಿಯಪ್ಪ ಯಾವಾಗಲೂ ತುಂಬಿಸುವ ಬಂಕ್ ಇನ್ನೇನು ಬರಬೇಕು. ಅದು ಬಲಗಡೆ ಎಂಬುದು ಮೊದಲು ನೆನಪಾದದ್ದು ಮೂಕಮ್ಮನಿಗೆ.

"ಹುಲಿಯಣ್ಣಾ! ಬಂಕ್ ಬಲಗಡೆ ಬರುತ್ತೆ!"

ಹುಲಿಯಪ್ಪನ ಕೈ ತಾನಾಗಿಯೇ ಎಡಕ್ಕೆ ತಿರುಗಿತು. ಗಾಡಿ ಊರು ಬಿಟ್ಟು ತೊಗರ್ಸಿ ಕಡೆಯ ರಸ್ತೆ ಹಿಡಿಯಿತು. "ಒಳದಾರಿ ಐತೆ. ಸುತ್ತಿ ಶಿಕಾರಿಪುರ ಸೇರಬಹುದು," ಎಂದ. ಎಡಗಡೆಯ ನಾಲ್ವರೂ ಒಟ್ಟಿಗೆ ಬೊಬ್ಬೆ ಹಾಕಿದರು. ಬಲಗಡೆಯವರು ಅವನಿಗೆ ಕೋಡುಬಳೆ ಕೊಟ್ಟರು.

ತೊಗರ್ಸಿ ಇನ್ನೂ ಸ್ವಲ್ಪ ದೂರ ಇರುವಾಗ ಇಂಜಿನ್ ಎರಡು ಸಲ ಕೆಮ್ಮಿತು. ಮೂರನೇ ಸಲ ನಿಂತೇಹೋಯಿತು. ಹುಲಿಯಪ್ಪ ಕೀ ತಿರುಗಿಸಿದ, ಸ್ಟೀರಿಂಗಿಗೆ ಕೈಮುಗಿದ, ಮತ್ತೆ ತಿರುಗಿಸಿದ. ಡೀಸೆಲ್ ತಳ ಕಂಡಿತ್ತು. ಗಂಗಾಶ್ರೀ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದೆ ನೋಡಿದವಳು ಚಪ್ಪಾಳೆ ತಟ್ಟತೊಡಗಿದಳು.

ಇನ್ನೂರು ಮಾರು ಮುಂದೆ, ಗದ್ದೆಗಳ ನಡುವೆ, ಹೊಸ ಬಣ್ಣ ಬಳಿದುಕೊಂಡು ಒಂದು ಬಂಕ್ ನಿಂತಿತ್ತು. ಬಲಗಡೆ.

ಹೆಂಗಸರೆಲ್ಲ ಇಳಿದರು. ಬಲಗಡೆಯವರ ವಾದ: ಯಾರಾದರೂ ನಡೆದು ಹೋಗಿ ಕ್ಯಾನಿನಲ್ಲಿ ಡೀಸೆಲ್ ತರಲಿ, ಗಾಡಿ ತಿರುಗಿಸಿಕೊಂಡು ಇನ್ನೊಂದು ಒಳದಾರಿ ಹಿಡಿಯೋಣ, ಈ ಬಂಕ್ ದಾಟುವುದೇ ಬೇಡ. ಎಡಗಡೆಯವರ ವಾದ: ಇದು ಮೋಸ, ಗಾಡಿಯನ್ನು ಬಂಕಿಗೇ ಎಳೆದುಕೊಂಡು ಹೋಗುವುದು, ಹಗ್ಗ ಇದೆ.

ಮೂಕಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಎದೆಗೆ ಕೈ ಇಟ್ಟುಕೊಂಡಳು. "ಬೆಳಿಗ್ಗೆಯಿಂದ ಒಂದೊಂದೇ ಕೂಡಿಸಿದ ತೊಂಬತ್ತೊಂದು ದನ! ಕಣ್ಣೆದುರಿಗೇ ಹೋಗ್ತಾವಲ್ರೇ!"

ಅದೇ ಹೊತ್ತಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದ ಬೆನಕಪ್ಪ ಎಂಬ ತೊಗರ್ಸಿಯ ರೈತ ಈ ಮಾತು ಕೇಳಿ ಬ್ರೇಕ್ ಹಾಕಿದ.

"ತೊಂಬತ್ತೊಂದು ದನಾನ್ರಿ? ಯಾವ ಕಡಿಗೆ ಹೋದ್ವು ತಾಯಿ?"

"ಇನ್ನೂ ಹೋಗಿಲ್ಲಣ್ಣ. ಆ ಬಂಕ್ ದಾಟಿದ್ರೆ ಹೋದಂಗೇ. ಮತ್ತೆ ಸಿಗಲ್ಲ."

ಬೆನಕಪ್ಪ ಒಳ್ಳೆಯ ಮನುಷ್ಯ. ಬೇರೆ ಪ್ರಶ್ನೆ ಕೇಳಲಿಲ್ಲ. ವನಜಮ್ಮನ ನಂಬರ್ ಬರೆದುಕೊಂಡ, ಊರಿಗೆ ಫೋನ್ ಹಚ್ಚಿ "ಲಗೂನ ಬರ್ರಿ, ಪಾಪ, ಹೆಣ್ಣುಮಕ್ಕಳ ದನದ ಮಂದೆ ತಪ್ಪಿಸಿಕೊಂಡೈತಿ" ಎಂದ, ಬೈಕು ಏರಿ ಬಂಕಿನಾಚೆಗೆ ಧೂಳೆಬ್ಬಿಸಿಕೊಂಡು ಹೋದ.

ಅಷ್ಟರಲ್ಲಿ ಗಂಗಾಶ್ರೀಯ ಗುಂಪು ಒಂದು ಹಗ್ಗವನ್ನು ಗಾಡಿಯ ಮುಂಭಾಗಕ್ಕೆ ಬಿಗಿದು ಎಳೆಯಲು ಶುರು ಮಾಡಿತ್ತು. ಗಾಡಿ ಹತ್ತು ಮಾರು ಸರಿದೇಬಿಟ್ಟಿತು. ವನಜಮ್ಮ ನೋಡಿದಳು. ಒಂದು ಕ್ಷಣ ನಾಯಕಿಯ ಹಾಗೆ ಯೋಚಿಸಿದಳು, ಮರುಕ್ಷಣ ಬಲಗಡೆಯವಳ ಹಾಗೆ. ಇನ್ನೊಂದು ಹಗ್ಗವನ್ನು ಗಾಡಿಯ ಹಿಂಭಾಗದ ಏಣಿಗೆ ಕಟ್ಟಿ, ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡಳು.

ಗಾಡಿ ನಿಂತಿತು.

"ಹುಲಿಯಣ್ಣ ಒಳಗೆ ಬ್ರೇಕ್ ಒತ್ತಿದಾನೆ!" ಎಂದು ಎಡಗಡೆಯವಳೊಬ್ಬಳು ಕೂಗಿದಳು. ಹುಲಿಯಪ್ಪ ನಿಜವಾಗಿಯೂ ಒತ್ತಿದ್ದ. ಅವನನ್ನು ಇಳಿಸಿ ರಸ್ತೆ ಬದಿಗೆ ನಿಲ್ಲಿಸಲಾಯಿತು. ಆಮೇಲೆ ಮುಂದೆ ನಾಲ್ವರು, ಹಿಂದೆ ನಾಲ್ವರು, ನಡುವೆ ಗಾಡಿ. ಅದು ಒಂದು ಗೇಣು ಮುಂದಕ್ಕೆ ಹೋಗುವುದು, ಒಂದು ಗೇಣು ಹಿಂದಕ್ಕೆ ಬರುವುದು.

ಕೋಲು ಹಿಡಿದುಕೊಂಡು ತೊಗರ್ಸಿಯಿಂದ ಆರು ಜನ ಬಂದರು. ಈ ನೋಟ ಕಂಡು ಕೋಲು ಊರಿ ನಿಂತರು. ಆಮೇಲೆ ಅವರಲ್ಲಿ ಹಿರಿಯ ಮೂಕಮ್ಮನ ಹತ್ತಿರ ಬಗ್ಗಿ, "ದನ ಯಾವ ಬಣ್ಣದವು ತಂಗಿ?" ಎಂದು ಕೇಳಿದ.

"ಎಲ್ಲಾ ಬಣ್ಣದ್ದೂ," ಎಂದಳು ಅವಳು ಹಲ್ಲು ಕಚ್ಚಿಕೊಂಡೇ. "ಎಮ್ಮೆ ಒಂದಕ್ಕೆ ಎರಡು ಲೆಕ್ಕ."

ಆತ ತನ್ನವರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದ: "ಗಬ್ಬದ ಎಮ್ಮೆ ಅದಾವಂತ. ಓಡಿಸಬ್ಯಾಡ್ರಿ, ಹಗೂರಕ ಹೊಡಕೊಂಡು ಬರ್ರಿ." ಆರು ಜನವೂ ಗದ್ದೆಯ ಬದುವಿನ ಮೇಲೆ ಚದುರಿದರು.

ಗುರುಪ್ರಕಾಶ್ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕಾದಿದ್ದರು. ಏಳು ಸಲ ಫೋನ್ ಮಾಡಿ, ಏಳು ಸಲವೂ "ಇನ್ನೈದು ನಿಮಿಷ" ಎಂಬುದನ್ನು ಕೇಳಿದ್ದರು. ಎಂಟನೇ ಸಲ ಎತ್ತಿಕೊಂಡದ್ದು ಗಂಗಾಶ್ರೀ. "ಸರ್, ತೊಗರ್ಸಿ ರೋಡಲ್ಲಿದೀವಿ. ಇಲ್ಲಿ ಅನ್ಯಾಯ ಆಗ್ತಾ ಇದೆ. ನೀವೇ ಬಂದು ನ್ಯಾಯ ಹೇಳಿ," ಎಂದು ಇಟ್ಟುಬಿಟ್ಟಿದ್ದಳು. ಪರಿಚಯದವರೊಬ್ಬರ ಬೈಕಿನ ಹಿಂದೆ ಕೂತು ಹೊರಟವರು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದರು. ಬಂದವರೇ ಪೀಪಿಯನ್ನು ತುಟಿಗೆ ಇಟ್ಟರು.

ಆದರೆ ಊದಲಿಲ್ಲ.

ಮೂರು ತಿಂಗಳಿಂದ ಅವರು ಶಾಲೆಯ ಮೈದಾನದಲ್ಲಿ ಗಂಟಲು ಹರಿದುಕೊಂಡಿದ್ದರು. ಹಿಮ್ಮಡಿ ಊರಿ, ಬೆನ್ನು ಬಗ್ಗಿಸಬೇಡಿ, ಎಲ್ಲರೂ ಒಂದೇ ಉಸಿರಿಗೆ ಎಳೆಯಿರಿ. ಗಂಗಾಶ್ರೀ ಪ್ರತಿ ಸಲವೂ ನಡುವೆ ಕಿಸಕ್ಕನೆ ನಕ್ಕು ಹಗ್ಗ ಸಡಿಲಿಸುತ್ತಿದ್ದಳು. ಮೂಕಮ್ಮ ಎಳೆಯುತ್ತಲೇ ಅಕ್ಕಪಕ್ಕದ ಮನೆಯ ಸುದ್ದಿ ಹೇಳುತ್ತಿದ್ದಳು. ಈಗ ಎಂಟು ಜನರ ಹಿಮ್ಮಡಿಗಳೂ ನೆಲಕ್ಕೆ ಬೇರು ಬಿಟ್ಟಂತಿದ್ದವು. ಬೆನ್ನುಗಳು ಕೋಲಿನ ಹಾಗೆ ನೆಟ್ಟಗಿದ್ದವು. ಗಂಗಾಶ್ರೀಯ ಮುಖದಲ್ಲಿ ನಗು ಇರಲಿಲ್ಲ. ಮೂಕಮ್ಮ ಮಾತಾಡುತ್ತಿರಲಿಲ್ಲ. ಗುರುಪ್ರಕಾಶ್ ಪೀಪಿಯನ್ನು ತುಟಿಯಿಂದ ಇಳಿಸಿದರು.

"ಹಂಗೇ," ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, "ಹಂಗೇ ಹಿಡೀರಿ! ವನಜಮ್ಮ, ಇನ್ನೂ ಹಿಂದಕ್ಕೆ ಒರಗಿ! ಗಂಗಾಶ್ರೀ, ಬಿಡಬೇಡ!" ಮುಂದಿನವರಿಗೊಮ್ಮೆ, ಹಿಂದಿನವರಿಗೊಮ್ಮೆ ಹೇಳಿಕೊಡುತ್ತಾ ಗಾಡಿಯ ಸುತ್ತ ಓಡಾಡತೊಡಗಿದರು. ಯಾಕೆ ಎಳೆಯುತ್ತಿದ್ದಾರೆ ಎಂದು ಕೇಳುವುದೂ ಅವರಿಗೆ ಮರೆತಿತ್ತು.

ಸೋತದ್ದು ಏಣಿ. ಕಿರ್ರೆಂದು ಶಬ್ದವಾಗಿ ಅದು ಗಾಡಿಯನ್ನು ಬಿಟ್ಟು ಬಂತು. ವನಜಮ್ಮನೂ ಅವಳ ಮೂವರೂ ಏಣಿ ಸಮೇತ ಪಕ್ಕಕ್ಕೆ ಉರುಳಿ, ನಾಟಿಗೆ ಹದ ಮಾಡಿಟ್ಟಿದ್ದ ಕೆಸರುಗದ್ದೆಗೆ ಬಿದ್ದರು. ಮುಂದಿನ ನಾಲ್ವರು ಒಬ್ಬರ ಮೇಲೊಬ್ಬರು ರಸ್ತೆಯಲ್ಲಿ ಕೂತರು. ಗಾಡಿ ಎರಡು ಮಾರು ಉರುಳಿ, ಯಾರ ಪಕ್ಷವನ್ನೂ ವಹಿಸದೆ ನಿಂತಿತು.

ಕೆಸರಿನಿಂದ ಮೊದಲು ಮೇಲೆ ಬಂದದ್ದು ಮೂಕಮ್ಮನ ದನಿ. "ಏಣಿ ನಮ್ಮ ಕಡೆಗೇ ಬಂತು. ಗೆದ್ದೋರು ನಾವೇ!"

ಗಂಗಾಶ್ರೀಗೆ ತಡೆದಿಟ್ಟಿದ್ದ ನಗು ಆಗ ಒಡೆಯಿತು. ಅವಳನ್ನು ನೋಡಿ ಉಳಿದವರಿಗೂ. ವನಜಮ್ಮ ಕೆಸರಿನಲ್ಲಿ ಕೂತೇ ನಕ್ಕಳು, ಏಳಲಿಕ್ಕೇ ಆಗಲಿಲ್ಲ. ಹುಲಿಯಪ್ಪ ಮಾತ್ರ ಏಣಿಯನ್ನು ಮಗುವಿನ ಹಾಗೆ ಎತ್ತಿಕೊಂಡು, "ಓನರ್‌ಗೆ ಏನಂತ ಹೇಳ್ಲಿ?" ಎನ್ನುತ್ತಿದ್ದ.

ಗುರುಪ್ರಕಾಶ್ ಎಲ್ಲವನ್ನೂ ಕೇಳಿ ತೀರ್ಪು ಕೊಟ್ಟರು. "ಎರಡೂ ಕಡೆ ದನ ಇವತ್ತಿಗೆ ದೊಡ್ಡಿಗೆ. ಎಲ್ಲರದ್ದೂ ಸೊನ್ನೆ. ಈಗ ಎಂಟು ಜನವೂ ಸೇರಿ ಗಾಡಿಯನ್ನ ಬಂಕಿಗೆ ತಳ್ಳಿ."

ಬಂಕಿನ ನಲ್ಲಿಯಲ್ಲಿ ಕೆಸರು ತೊಳೆದುಕೊಂಡು, ಡೀಸೆಲ್ ತುಂಬಿಸಿಕೊಂಡು ಹೊರಟಾಗ ಹನ್ನೆರಡೂವರೆ. ಏಣಿಯನ್ನು ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿದ್ದರು. ಎಲ್ಲರೂ ಅದರ ಮೆಟ್ಟಿಲುಗಳ ಸಂದಿಯಲ್ಲಿ ಕಾಲಿಟ್ಟುಕೊಂಡು ಕೂತರು. ಗುರುಪ್ರಕಾಶರ ಅಪ್ಪಣೆ, ಯಾರೂ ತುಟಿ ಬಿಚ್ಚುವಂತಿಲ್ಲ.

ಹರಿಹರ ದಾಟಿದ ಮೇಲೆ ವನಜಮ್ಮನ ಫೋನ್ ಹೊಡೆದುಕೊಂಡಿತು. ಬೆನಕಪ್ಪನ ಸಂತೋಷದ ದನಿ ಇಡೀ ಗಾಡಿಗೆ ಕೇಳಿಸಿತು. "ತಾಯಿ, ಇಪ್ಪತ್ಮೂರು ಸಿಕ್ಕಾವ್ರಿ! ಹಿಡಿದು ಕಟ್ಟಿಹಾಕೇವಿ. ಉಳಿದವನ್ನೂ ಬಿಡಂಗಿಲ್ಲ, ಹುಡುಗರು ಗುಡ್ಡದ ಕಡಿಗೆ ಹೋಗ್ಯಾರ."

ವನಜಮ್ಮ ಫೋನನ್ನು ಮೂಕಮ್ಮನ ಕೈಗೆ ಕೊಟ್ಟಳು. ಬಾಯಿಗೆ ಬಿಡುವಿಲ್ಲದ ಮೂಕಮ್ಮ ಅದನ್ನು ಬಿಸಿ ಕೆಂಡದ ಹಾಗೆ ಗಂಗಾಶ್ರೀಗೆ ದಾಟಿಸಿದಳು. ಅದು ಗಾಡಿಯನ್ನೆಲ್ಲ ಸುತ್ತಿ ಕೊನೆಗೆ ಗುರುಪ್ರಕಾಶರ ಕೈಗೆ ಬಂತು. ಅವರು ಕಣ್ಣು ಮುಚ್ಚಿಕೊಂಡು ಹೇಳಿದರು: "ಬೆನಕಪ್ಪನವರೇ, ನಿಮ್ಮಿಂದ ಬಹಳ ಉಪಕಾರ ಆಯ್ತು. ಆ ದನ ಬಿಟ್ಟುಬಿಡ್ರಿ. ಅವಕ್ಕೆ ಮನೆ ದಾರಿ ಗೊತ್ತು. ಉಳಿದವೂ ಎಲ್ಲೂ ತಪ್ಪಿಸಿಕೊಂಡಿಲ್ಲ."

ಆಮೇಲೆ ಫೋನನ್ನು ವನಜಮ್ಮನ ಕೈಗೆ ವಾಪಸ್ ಕೊಟ್ಟರು.

"ಸರ್," ಎಂದಳು ಗಂಗಾಶ್ರೀ. "ಆ ಇಪ್ಪತ್ಮೂರು ಯಾರ ಕಡೆಗೆ?"

ಕಲಬುರಗಿಯಲ್ಲಿ ಅವರು ಮೊದಲ ಎರಡು ಸುತ್ತು ಗೆದ್ದರು. ಸೆಮಿಫೈನಲ್‌ನಲ್ಲಿ ಎದುರು ತಂಡದವಳ ಸೀರೆಯ ಮೇಲಿದ್ದ ನವಿಲನ್ನು ಮೂಕಮ್ಮ ಪಕ್ಕದವಳಿಗೆ ತೋರಿಸಿದಳು, ಅಷ್ಟಕ್ಕೇ ಹಗ್ಗ ಕೈ ಬಿಟ್ಟಿತು. ಮೂರನೇ ಸ್ಥಾನದ ಪಂದ್ಯಕ್ಕೆ ವನಜಮ್ಮ ಅವಳ ಬಾಯಿಗೆ ಒಂದು ಇಡೀ ಕೋಡುಬಳೆ ತುರುಕಿ ನಿಲ್ಲಿಸಿದಳು. ಎಂಟು ಜನ ಒಂದೇ ಉಸಿರಿಗೆ ಎಳೆದರು. ಹಗ್ಗ ತಮ್ಮ ಕಡೆಗೆ ಹರಿದು ಬಂದಾಗ ಗಂಗಾಶ್ರೀಗೆ ತನ್ನ ಕೈ ಯಾವುದು, ಮುಂದಿನವಳ ಕೈ ಯಾವುದು ಎಂದೇ ತಿಳಿಯಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಕುಪ್ಪಗಡ್ಡೆ ತನ್ನ ಊರು ಅನ್ನಿಸಿತು.

ಕಂಚಿನ ಬಣ್ಣದ ದೊಡ್ಡ ಕಪ್ ಕೊಟ್ಟರು. ಊರು ತಲುಪಿದ ಮೇಲೆ ಅದು ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ತಿಂಗಳು ಇರಬೇಕೆಂದು ಮಾತಾಯಿತು. ಮೊದಲ ತಿಂಗಳು ವನಜಮ್ಮನ ಮನೆಯಲ್ಲಿತ್ತು. ಮುಂದಿನ ತಿಂಗಳು ಒಂದನೇ ತಾರೀಕು ಬೆಳಿಗ್ಗೆಯೇ ಮೂಕಮ್ಮ ತರಲು ಹೋದಾಗ, ಕಪ್ಪಿನ ತುಂಬ ಹುಣಸೆಹಣ್ಣು ಇತ್ತು.

"ಇದು ಖಾಲಿಯಾಗ್ಲಿ, ಆಮೇಲೆ ತಗೊಂಡು ಹೋಗು," ಎಂದಳು ವನಜಮ್ಮ. ಮೂಕಮ್ಮ ಅಲ್ಲೇ ಜಗಲಿಯ ಮೇಲೆ ಕೂತು, ಹುಣಸೆಹಣ್ಣಿನ ಒಂದು ಉಂಡೆಯನ್ನು ಬಾಯಿಗೆ ಹಾಕಿಕೊಂಡಳು.